ಭಟ್ಟರು ಶೆಫ್ ಆದದ್ದು

ಊಟದ ಮೇಜಿನ ಮೇಲೆ ಮಗಳ ಫ್ರೆಂಚ್ ನೋಟ್‌ಬುಕ್ ತೆರೆದು ಬಿದ್ದಿತ್ತು. ‘ಶೆಫ್’ ಎಂಬ ನಾಮಪದದ ಪ್ರಯೋಗಗಳನ್ನು ಬರೆಯಬೇಕಂತೆ. ನವಿ ಮುಂಬಯಿಯ ಕೋಪರಖೈರಣೆಯ ನಮ್ಮಂಥ ಮನೆಗಳ ವೈಭವ ನೋಡಿ: ಕನ್ನಡದಲ್ಲಿ ತಮ್ಮ ಹೆಸರು ಬರೆಯಲು ತಡವರಿಸುವ ಮಕ್ಕಳು ಫ್ರೆಂಚ್ ಕಲಿಯುತ್ತಾರೆ. ಮಾತಾಡಲಿಕ್ಕಲ್ಲ ಸ್ವಾಮಿ, ಮಾರ್ಕ್ಸಿಗೆ. ಕಾಲೇಜಿನಲ್ಲಿ ನಾನೂ ಅದೇ ಘನಕಾರ್ಯ ಮಾಡಿದವನು.

ಹಾಗಾಗಿ ಜಂಬದಿಂದಲೇ ಹೇಳಿಕೊಟ್ಟೆ. ಶೆಫ್ ಎಂದರೆ ಮುಖ್ಯಸ್ಥ. ಸ್ಟೇಷನ್ ಮಾಸ್ತರನೂ ಶೆಫ್, ಆಫೀಸಿನ ಸಾಹೇಬನೂ ಶೆಫ್, ವಾದ್ಯವೃಂದದ ಮುಂದೆ ಕಡ್ಡಿ ಆಡಿಸುವವನೂ ಶೆಫ್. ಅಡುಗೆಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವನೂ ಶೆಫ್. ಅಷ್ಟು ಹೇಳುವಾಗ ವಾಶಿಯ ಉಡುಪಿ ಹೋಟೆಲಿನ ಭಟ್ಟರು ನೆನಪಾದರು. ಮಗಳಿಗೆ ಆ ಕತೆ ಹೇಳಿದೆ, ನೀವೂ ಕೇಳಿ.

ಆ ಹೋಟೆಲಿನಲ್ಲೊಂದು ಪದ್ಧತಿಯಿತ್ತು. ದಿನದ ಮೊದಲ ದೋಸೆ ಗಿರಾಕಿಗಲ್ಲ, ಅಡುಗೆಯ ಭಟ್ಟರ ಬಾಯಿಗೆ. ಅವರು ಒಂದು ತುಂಡು ಅಗಿದು, “ಹಿಟ್ಟು ಹುಳಿ ಬಂದಿದೆ, ಇವತ್ತು ದೋಸೆ ಇಲ್ಲ” ಅಂದರೆ ಮುಗಿಯಿತು. ಹಳೇ ಧಣಿಗಳೂ ತೆಪ್ಪಗೆ ಉಪ್ಪಿಟ್ಟು ತಿನ್ನುತ್ತಿದ್ದರು.

ಧಣಿಗಳು ತೀರಿಕೊಂಡ ಮೇಲೆ ಮಗ ಗಲ್ಲೆಯಲ್ಲಿ ಕೂತ. “ಭಟ್ಟರು ಅಂದ್ರೆ ಡೌನ್‌ಮಾರ್ಕೆಟ್ ಕಾಣುತ್ತೆ ಅಂಕಲ್” ಎಂದು ಖಾಯಂ ಗಿರಾಕಿಯಾದ ನನ್ನೆದುರು ಅಂದ. ಫ್ರೆಂಚ್ ಪಂಡಿತ ನಾನಿದ್ದೆನಲ್ಲ! “ಶೆಫ್ ಅಂತ ಬರೆಸು, ದೊಡ್ಡ ಪದವಿ” ಅಂದೆ. ವಾರದೊಳಗೆ ಭಟ್ಟರ ತಲೆಗೆ ಮೊಳದುದ್ದದ ಬಿಳಿ ಟೋಪಿ, ಬಾಗಿಲಿಗೆ ಅವರ ಫೋಟೊ. “ಎಂತದು ಮಾರಾಯ್ರೆ, ತಲೆ ಬೆವರುತ್ತದೆ” ಎಂದು ನನ್ನೆದುರು ಗೊಣಗಿದರು. ಒಳಗೊಳಗೆ ಖುಷಿಯೇ ಇತ್ತು.

ಒಂದು ಭಾನುವಾರ ಬಾಗಿಲು ತೆಗೆಯುತ್ತಲೇ ಹೋಟೆಲು ತುಂಬಿತು. ಭಟ್ಟರು ಮೊದಲ ದೋಸೆ ಬಾಯಿಗಿಟ್ಟು ತಲೆಯಾಡಿಸಿದರು. “ಹುಳಿ. ಇವತ್ತು ದೋಸೆ ಬೇಡ.”

ಮಗರಾಯ ಗಲ್ಲೆಯಿಂದಲೇ ಕೂಗಿದ: “ಶೆಫ್, ನೀವು ಇರೋದು ಫೋಟೊಗೆ. ಸುಮ್ನೆ ದೋಸೆ ಹುಯ್ಯಿರಿ!”

ಎಲ್ಲರೆದುರು! ಭಟ್ಟರು ನನ್ನ ಕಡೆ ನೋಡಿದರು. ಆ ಪದವಿ ಕೊಡಿಸಿದವನು ನಾನೇ ಎಂದು ಅವರಿಗೆ ಗೊತ್ತಿತ್ತು. ಅದರ ಅರ್ಥ ಆ ಹೋಟೆಲಿನಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು. ಒಂದು ಮಾತಿಗೆ ಕಾದರು. ಆಮೇಲೆ ಟೋಪಿ ತೆಗೆದು ಗಲ್ಲೆಯ ಮೇಲಿಟ್ಟು, “ಇದನ್ನು ನೀವೇ ಹಾಕಿಕೊಳ್ಳಿ ಧಣಿ” ಎಂದು ಹೊರಟರು. ಮತ್ತೆ ಬರಲಿಲ್ಲ.

ಮಗಳು ಪೆನ್ನು ಕೆಳಗಿಟ್ಟಳು. “ಫಿರ್ ಆಪ್ ಕ್ಯಾ ಬೋಲೇ, ಪಪ್ಪಾ?” ಆಗ ನಾನು ಏನು ಹೇಳಿದೆ ಎಂದು ಅವಳಿಗೆ ತಿಳಿಯಬೇಕಿತ್ತು.

ಸುಳ್ಳು ಹೇಳಬಹುದಿತ್ತು. ಅವಳ ಮುಖ ನೋಡಿ ಆಗಲಿಲ್ಲ.

“ಇನ್ನೊಬ್ಬ ಹುಯ್ದ ಹುಳಿ ದೋಸೆ ನನ್ನ ಮುಂದೆ ಬಂತು ಮಗಳೇ. ಹೇಗಿದೆ ಅಂಕಲ್ ಅಂತ ಗಲ್ಲೆಯಿಂದ ಧಣಿಯ ಮಗ ಕೇಳಿದ. ಫಸ್ಟ್ ಕ್ಲಾಸ್ ಅಂದೆ.”