ಬೀಗ ಹಾಕಿದ ಮೇಲೆಯೇ ಕೆಲಸ

“ಟೈಮ್ ಕಡಿಮೆ ಉಂಟು, ಬೀಗ ಬೇಡ. ಮೇನ್ ಸ್ವಿಚ್ ಹತ್ತಿರ ನಾನೇ ನಿಲ್ತೇನೆ, ಯಾರೂ ಆನ್ ಮಾಡುದಿಲ್ಲ” ಎಂದೆ.

ಕಾಂದಿವಲಿಯ ತರಬೇತಿ ಕೇಂದ್ರದಲ್ಲಿ ಎಲೆಕ್ಟ್ರಿಷಿಯನ್‌ಗಳ ಕೊನೆಯ ಪ್ರಾಯೋಗಿಕ ಪರೀಕ್ಷೆ ನಡೆದಿತ್ತು. ನಾನು ಪರೀಕ್ಷಕ. ಇದರಲ್ಲಿ ಪಾಸಾದರೆ ಮಾತ್ರ ಲೈಸೆನ್ಸ್‌ಗೆ ಅರ್ಜಿ ಹಾಕಬಹುದು. ವಿಜಯಪುರದ ಕಡೆಯ ಸುಜಾತಾ ಎಂಬಾಕೆ ಸ್ವಿಚ್ ಆಫ್ ಮಾಡಿ, ಅದಕ್ಕೆ ಹಾಕಬೇಕಾದ ಬೀಗದೊಂದಿಗೆ ಒದ್ದಾಡುತ್ತಿದ್ದರು. ವೈರಿಂಗ್ ಇನ್ನೂ ಅರ್ಧ ಬಾಕಿಯಿತ್ತು.

ಆಕೆ ತಲೆ ಎತ್ತಲಿಲ್ಲ. “ನಮ್ಮ ಮನಿಯವರು ಕೆಲಸ ಮಾಡೂ ಮುಂದೂ ಒಬ್ರು ಹಿಂಗ ನಿಂತಿದ್ರು ಸರ್. ಫೋನ್ ಬಂತಂತ ಆ ಕಡೆ ಹೋದ್ರು. ಮತ್ಯಾರೋ ಬಂದು ಸ್ವಿಚ್ ಹಾಕಿದ್ರು. ಇವರು ಉಳೀಲಿಲ್ಲ.”

ಕೊನೆಗೂ ಬೀಗ ಕೂತಿತು. ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಟೆಸ್ಟರ್ ಹಿಡಿದು ಕರೆಂಟ್ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಆಕೆ ವೈರ್ ಮುಟ್ಟಿದರು. ಸಮಯ ಮುಗಿಯುವ ಹೊತ್ತಿಗೆ ಕೊನೆಯ ಸ್ಕ್ರೂ ಬಿಗಿಸುತ್ತಿದ್ದರು. ಪಾಸಾದರು.

ಹೊರಗೆ ಸಿಕ್ಕಾಗ, ಅಷ್ಟಾದ ಮೇಲೂ ಇದೇ ಕೆಲಸ ಯಾಕೆ ಎಂದು ಕೇಳಿದೆ. “ಕರೆಂಟಿನ ಮ್ಯಾಲೆ ನಂಗ ಸಿಟ್ಟಿಲ್ರಿ. ಅವರು ಮಾಡೂದು ನೋಡಿ ನೋಡಿ ಈ ಕೆಲಸ ನಂಗೂ ಸೇರ್ತಿತ್ತು” ಎಂದರು.

ಮನೆಗೆ ಮರಳುವ ಲೋಕಲ್ ರೈಲಿನಲ್ಲಿ ನನ್ನ ಮನಸ್ಸೆಲ್ಲ ಆ ಫೋನ್ ಬಂದ ಮನುಷ್ಯನ ಸುತ್ತಲೇ ಇತ್ತು. ಅವನೂ ನನ್ನಂತೆ ಒಳ್ಳೆಯ ಮನಸ್ಸಿನಿಂದಲೇ ಮಾತು ಕೊಟ್ಟಿರಬೇಕು. ಅವನು ಈಗ ಹೇಗಿದ್ದಾನೆಂದು ಆಕೆಯನ್ನು ಕೇಳಬೇಕೆನಿಸಿತ್ತು, ಧೈರ್ಯ ಬರಲಿಲ್ಲ.