ಅಷ್ಟಮಿಯ ಸಂಜೆ, ಹದಿಮೂರು ನಿಮಿಷ

2009ರ ನವೆಂಬರ್ 25, ಬುಧವಾರ, ಮಾರ್ಗಶಿರ ಶುದ್ಧ ಅಷ್ಟಮಿ. ಹೇಮಂತ ಋತು ಆರಂಭವಾಗಿ ಒಂದು ವಾರ ಕಳೆದಿತ್ತು. ಆಕಾಶ ತಿಳಿಯಾಗಿತ್ತು, ಕಬ್ಬಿನ ಒಣಗರಿಯ ರವದಿ ಸುಟ್ಟ ಹೊಗೆ ಮಾತ್ರ ದಿಗಂತದಲ್ಲಿ ತೆಳ್ಳಗೆ ಹರಡಿತ್ತು.

ಹೈದರಾಬಾದಿನಿಂದ ಬೆಳಗಾವಿಗೆ ಹೊರಟ ವಿಮಾನ ಮೂವತ್ಮೂರು ನಿಮಿಷ ತಡವಾಗಿ, 4 ಗಂಟೆ 38 ನಿಮಿಷಕ್ಕೆ ನೆಲ ಬಿಟ್ಟಿತು. ನಡೆಸುತ್ತಿದ್ದವನು ತೇರದಾಳದ ಅಭಿನಂದನ. ಹುಟ್ಟಿದ್ದು 1972ರಲ್ಲಿ, ಪೈಲಟ್ ಪರವಾನಗಿ ಕೈಸೇರಿದ್ದು ಬಾಗಲಕೋಟೆ ಜಿಲ್ಲೆಯಾದ ವರ್ಷ, 1997ರ ಅಕ್ಟೋಬರಿನಲ್ಲಿ. ಹಿಂದೆ, ಏಳನೆಯ ಸಾಲಿನ ಕಿಟಕಿಯ ಬಳಿ, ಅವನ ತಾಯಿ ಎಪ್ಪತ್ತೊಂದು ವರ್ಷದ ಬಾಳವ್ವ ಕುಳಿತಿದ್ದಳು.

ಜೈನರ ಪುಣ್ಯಕ್ಷೇತ್ರ ಸಮ್ಮೇದ ಶಿಖರಜಿಯ ಯಾತ್ರೆ ಮುಗಿಸಿ ಬರುತ್ತಿದ್ದ ಆಕೆ ಹೊರಗಿನ ಅನ್ನ ಮುಟ್ಟುವವಳಲ್ಲ, ಸೋಸದ ನೀರು ಕುಡಿಯುವವಳಲ್ಲ. ಹಿಂದಿನ ದಿನ ಮಧ್ಯಾಹ್ನದಿಂದ ಬಾಯಿಗೆ ಹನಿ ನೀರು ಬಿದ್ದಿರಲಿಲ್ಲ. ಸೊಸೆ ಮೇಘಾ ಕಾಸಿ ಸೋಸಿದ ನೀರು, ರೊಟ್ಟಿಯ ಡಬ್ಬಿ ಹಿಡಿದು ಬೆಳಗಾವಿ ನಿಲ್ದಾಣದ ಬಾಗಿಲಲ್ಲಿ ಕಾದಿದ್ದಳು. ಸೂರ್ಯಾಸ್ತ 5 ಗಂಟೆ 58 ನಿಮಿಷಕ್ಕೆ. ಆಕೆಯ ನೇಮದಂತೆ ಅದು ದಾಟಿದರೆ ಮರುದಿನದ ಸೂರ್ಯೋದಯದವರೆಗೆ ಬಾಳವ್ವನಿಗೆ ನೀರೂ ಇಲ್ಲ. ಅಭಿನಂದನ ಲೆಕ್ಕ ಹಾಕಿದ: 5.46ಕ್ಕೆ ಇಳಿದರೆ ತಾಯಿ ಬಾಗಿಲು ಮುಟ್ಟುವಷ್ಟರಲ್ಲಿ ನಾಲ್ಕು ನಿಮಿಷ ಉಳಿಯುತ್ತವೆ.

ಆಲಮಟ್ಟಿಯ ಹಿನ್ನೀರು ಬಿಸಿಲಿಗೆ ತಗಡಿನಂತೆ ಹೊಳೆಯಿತು. ಬೀಳಗಿ ಹಿಂದಾಯಿತು. ಬಲಗಡೆ ದೂರದ ಹೊಗೆಯೊಳಗೆ ತೇರದಾಳವಿತ್ತು. ಕಾಣದಿದ್ದರೂ ಅವನ ಕಣ್ಣು ಅಲ್ಲಿಯೇ ನೆಟ್ಟಿತು. ತಂದೆ ಜಿನದತ್ತ ಬನಹಟ್ಟಿಯಲ್ಲಿ ನೂಲಿನ ವ್ಯಾಪಾರಿ. ದಿನವೂ ಇಳಿಹೊತ್ತಿಗೆ ಅಂಗಡಿ ಮುಚ್ಚಿ, ಸೂರ್ಯನಿಗೆ ಎದುರಾಗಿ ಸೈಕಲ್ ತುಳಿಯುತ್ತ ಬರುತ್ತಿದ್ದ. ಬಿಸಿಲು ಬಸದಿಯ ಗೋಡೆಯ ತುದಿಗೇರಿದರೆ ಬಾಳವ್ವ ತಟ್ಟೆ ಹಾಕುತ್ತಿದ್ದಳು. 1983ರಲ್ಲೊಂದು ದಿನ ಸೈಕಲ್ ಪಂಕ್ಚರಾಗಿ ತಂದೆ ಬಂದಾಗ ಹೊತ್ತು ಮುಳುಗಿತ್ತು. ಆತ ಕೈಕಾಲು ತೊಳೆದು, "ಹಸಿವ ಇಲ್ಲ ಬಿಡ" ಎಂದು ನಕ್ಕು ಜಗುಲಿಯ ಮೇಲೆ ಕುಳಿತಿದ್ದ. ಆ ನಗು ಅಭಿನಂದನನಿಗೆ ಇಪ್ಪತ್ತಾರು ವರ್ಷದ ಮೇಲೂ ನೆನಪಿತ್ತು.

"ಸರ್, ಮುಧೋಳ ಬಂತು. ಇಳಿಯೋಣವಾ?" ಸಹಪೈಲಟ್, ದಾವಣಗೆರೆಯ ಹಾಲೇಶ ಕೇಳಿದ.

ಪ್ರತಿ ಸಾವಿರ ಅಡಿ ಇಳಿಯಲು ಮೂರು ಮೈಲಿ ಬೇಕು. ವೇಗ ತಗ್ಗಿಸಲು ಮತ್ತೈದು ಮೈಲಿ ಬೇಕು. ಆ ಲೆಕ್ಕದಂತೆ ಇಳಿಯಲು ತೊಡಗಬೇಕಾದದ್ದು ಅಲ್ಲಿಯೇ.

"ಇನ್ನೊಂದೀಟ ತಡಿಯೋ. ಮ್ಯಾಲ ಇದ್ರ ಜೋರ ಹೊಕ್ಕೈತಿ. ನಮ್ಮವ್ವಗ ಹೊತ್ತ ಮುಳುಗೂದ್ರಾಗ ನೀರ ಕುಡಸಬೇಕು."

"ಸೂರ್ಯನ ಜೊತೆ ರೇಸಾ ಸರ್? ಅವನು ಸೋತ ದಾಖಲೆ ಇಲ್ಲ."

ಅಭಿನಂದನ ನಕ್ಕ, ಮೂರು ನಿಮಿಷ ತಡೆದ. ತಪ್ಪು ಆದದ್ದು ಅಷ್ಟೇ. ಎತ್ತರವೂ ಉಳಿಯಿತು, ವೇಗವೂ ಉಳಿಯಿತು. ಮೂತಿ ತಗ್ಗಿಸಿದರೆ ವೇಗ ಏರುತ್ತಿತ್ತು. ವೇಗ ಕಳೆಯಲು ಮೂತಿ ಎತ್ತಿದರೆ ಇಳಿತ ನಿಲ್ಲುತ್ತಿತ್ತು. ಎರಡನ್ನೂ ಒಟ್ಟಿಗೆ ಕಳೆಯಲು ಬೇಕಾದ ಮೈಲಿಗಳನ್ನು ಅವನೇ ಖರ್ಚು ಮಾಡಿದ್ದ. ಗೋಕಾಕ ದಾಟಿದ ಮೇಲೆ ಎಂಜಿನುಗಳ ಬಲವನ್ನು ಪೂರ್ತಿ ತಗ್ಗಿಸಿದ, ಚಕ್ರ ಇಳಿಸಿದ. ಎದುರಿಗೆ ಕೆಂಪು ಸೂರ್ಯ, ಅದರ ಕೆಳಗೆ ರನ್‌ವೇ.

ನೆಲದಿಂದ ಸಾವಿರ ಅಡಿ. ಅಲ್ಲಿ ವೇಗ, ಇಳಿತ ಎರಡೂ ಹದಕ್ಕೆ ಬಂದಿರಬೇಕು, ಇಲ್ಲವಾದರೆ ಮೇಲೇರಬೇಕು. ಅದು ಕಂಪನಿಯ ನಿಯಮ.

"ವೇಗ ಮೂವತ್ತು ಹೆಚ್ಚಿದೆ ಸರ್," ಎಂದ ಹಾಲೇಶ. ಈಗ ದನಿಯಲ್ಲಿ ತಮಾಷೆಯಿರಲಿಲ್ಲ.

ರನ್‌ವೇ ಉದ್ದವಾಗಿತ್ತು, ಹೇಗಾದರೂ ಇಳಿಸಬಹುದೆಂದು ಒಂದು ಕ್ಷಣ ಕೈ ಹೇಳಿತು. ಗಡಿಯಾರದಲ್ಲಿ 5.45. ಹಿಂದೆ ನಲವತ್ತೆಂಟು ಜನರಿದ್ದರು.

"ಮ್ಯಾಲ ಹೋಗೂನು," ಎಂದು ಅಭಿನಂದನ ಬಲ ಕೊಟ್ಟ. ವಿಮಾನ ಗುಡುಗಿ ಮೇಲೆದ್ದಿತು. ಒಂದು ಸುತ್ತು ಹಾಕಿ, ಈ ಸಲ ಮೈಲಿಗೊಂದು ಲೆಕ್ಕವಿಟ್ಟು, ಮೆತ್ತಗೆ 5.59ಕ್ಕೆ ನೆಲ ಮುಟ್ಟಿಸಿದ.

ಬಾಗಿಲಲ್ಲಿ ಮೇಘಾ ನೀರಿನ ತಂಬಿಗೆ ಚಾಚಿದಳು. "ಅತ್ತಿ, ಇನ್ನಾ ಬೆಳಕೈತ್ರಿ. ಒಂದ ಗುಟಕ ಕುಡೀರಿ."

"ಬೆಳಕೇನ ಬಲ್ಬಿನಾಗೂ ಐತಿ. ಮುಚ್ಚಿಡ ಅದನ್ನ," ಎಂದಳು ಬಾಳವ್ವ. ತುಟಿಗಳು ಒಣಗಿ ಬಿರಿದಿದ್ದವು. ಅಷ್ಟರಲ್ಲಿ ಮಗ ಬಂದ. "ಯಾಕಲೇ, ಹೊಸಲಿತನಾ ಬಂದು ಹೊಳ್ಳಿ ಹಾರಿದಿ?"

"ತಪ್ಪಾತ ಯವ್ವಾ. ನಿನಗ ನೀರ ಕುಡಸೂ ಅವಸರದಾಗ ಇಳಿಯೂದ ತಡಾ ಮಾಡಿದ್ನಿ. ಜೋರ ಬಾಳ ಆತು."

ಬಾಳವ್ವ ಅವನನ್ನು ದಿಟ್ಟಿಸಿದಳು. "ನಾ ಏನ ನೀರ ಬೇಡಿದ್ನೇನ? ನನ್ನ ನೇಮಾ ನಾ ನಡಸ್ತೀನಿ, ನಿನ್ನ ನೇಮಾ ನೀ ನಡಸ. ಹೊಳ್ಳಿ ಹಾರಿದ್ದ ಛಲೋ ಆತು." ಹೀಗೆಂದು ಅವನ ತೋಳು ಹಿಡಿದು ಕಾರಿನತ್ತ ನಡೆದಳು.

ನವೆಂಬರ್ 26ರಂದು, ಸೂರ್ಯೋದಯವಾದ ಮೇಲೆ, ಬಾಳವ್ವ ತೇರದಾಳದ ಮನೆಯಲ್ಲಿ ನೀರು ಕುಡಿದಳು. ಅಭಿನಂದನ ತನ್ನ ವರದಿಯಲ್ಲಿ ಇಳಿಯಲು ತಡಮಾಡಿದವನು ತಾನೇ ಎಂದು ಬರೆದ. ಕಂಪನಿ ಅವನಿಗೆ ಎರಡು ದಿನದ ಮರುತರಬೇತಿ ವಿಧಿಸಿತು. ಹಾಲೇಶ 2012ರಲ್ಲಿ ಕ್ಯಾಪ್ಟನ್ ಆದ. ಬಾಳವ್ವ 2014ರ ಮಾರ್ಚ್ 9ರಂದು ತೀರಿಕೊಂಡಳು. ಅಭಿನಂದನ 2017ರವರೆಗೆ ವಿಮಾನ ನಡೆಸಿದ.