ಅರ್ಥ ಹೇಳದ ಉರ್ದು ಮಾಸ್ತರರು

ನಮ್ಮ ಉರ್ದು ಮಾಸ್ತರರ ಬಲಗಣ್ಣಿನ ರೆಪ್ಪೆ ಸದಾ ಅರ್ಧ ಇಳಿದಿರುತ್ತಿತ್ತು. ನಿದ್ದೆ ಹೋಗಿದ್ದಾರೆಂದು ಪಿಸುಗುಟ್ಟಿದ ಹೊಸ ಹುಡುಗರು ಸಿಕ್ಕಿಬೀಳುತ್ತಿದ್ದರು. ನಿಜಾಮರ ಕಾಲವದು. ಅಳವಂಡಿಯಲ್ಲಿ ಮನೆಯ ಮಾತು ಕನ್ನಡ, ಶಾಲೆಯ ಪಾಠವೆಲ್ಲ ಉರ್ದು. ಇಡೀ ಶಾಲೆಗೆ ನನ್ನನ್ನೂ ಸೇರಿಸಿ ಇಬ್ಬರೇ ಹುಡುಗಿಯರು.

ಮಾಸ್ತರರು ಪದದ ಅರ್ಥವನ್ನು ಹೇಳುತ್ತಲೇ ಇರಲಿಲ್ಲ. ಕೇಳಿದರೆ, “ಮೊದಲ ನಿನಗೇನ ಅನಸ್ತೈತಿ ಅದನ್ನ ಹೇಳು,” ಎನ್ನುವರು. ತಪ್ಪು ಹೇಳಿದರೆ ಸಿಟ್ಟಿಲ್ಲ. ಊಹಿಸದೆ ಸುಮ್ಮನೆ ನಿಂತರೆ ಬೆನ್ನು ತಿರುಗಿಸಿಬಿಡುವರು. ತಿಳಿಯದ ಪದ ಬಿಟ್ಟು ಮುಂದೆ ಓದಬೇಕು, ಆಮೇಲೆ ಹಿಂದಕ್ಕೆ ಬರಬೇಕು. ಅಂಗಡಿಯ ಪೊಟ್ಟಣದ ಕಾಗದ, ಚಾವಡಿ ಗೋಡೆಯ ನೋಟೀಸು, ಏನು ಕಂಡರೂ ಓದಿ ಬರಬೇಕು. ಇವರಿಗೆ ಕಲಿಸಲು ಬೇಸರವೆಂದು ನಾನು ಅವ್ವನಿಗೆ ದೂರಿದ್ದೂ ಉಂಟು.

ನಿಜಾಮರ ವಿರುದ್ಧ ಚಳವಳಿ ಕಾವೇರಿದ ವರ್ಷ ಅಪ್ಪ ಗಡಿ ದಾಟಿ ಮುಂಬಯಿ ಪ್ರಾಂತಕ್ಕೆ ಹೋಗಿದ್ದ. ಒಂದು ಮುಂಜಾನೆ ಪೊಲೀಸ್ ಅಮೀನರು ಇಬ್ಬರು ಜವಾನರೊಂದಿಗೆ ನಮ್ಮ ಮನೆಗೆ ಬಂದರು. ಸಾಕ್ಷಿಗೆಂದು ಮಾಸ್ತರರನ್ನೂ ಕರೆತಂದಿದ್ದರು. ಯಜಮಾನ ಊರಲ್ಲಿಲ್ಲ ಎಂದಷ್ಟೇ ಬರೆದಿದೆ, ಹೆಬ್ಬೆಟ್ಟು ಒತ್ತು ಎಂದು ಅವ್ವನ ಮುಂದೆ ಒಂದು ಉರ್ದು ಕಾಗದ ಹಿಡಿದರು. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಿದ್ದಳು. ಓದಿ ಹೇಳಬೇಕೆಂದು ಮಾಸ್ತರರನ್ನು ಕೇಳಿದಳು. ಮಾಸ್ತರ ಓದುವುದು ಬೇಡ, ಬರೀ ಸಹಿ ಮಾಡಲಿ ಎಂದರು ಅಮೀನರು.

ಮಾಸ್ತರರು ಕಾಗದ ತೆಗೆದುಕೊಂಡರು. ಸಹಿ ಮಾಡಿಯೇ ಬಿಡುತ್ತಾರೆಂದುಕೊಂಡೆ. ಅವರು ಅದನ್ನು ನನ್ನ ಕೈಗಿಟ್ಟರು.

“ನನಗ ಓದಬ್ಯಾಡ ಅಂದೀರಿ ಸಾಹೇಬ್ರ. ಈ ಹುಡುಗಿಗಿ ಅಂದಿಲ್ಲ.”

ಹುಡುಗಿ ಏನು ಓದೀತು ಎಂದು ಅಮೀನರು ನಕ್ಕರು.

ಅಕ್ಷರಗಳು ಒಂದಕ್ಕೊಂದು ಸುತ್ತಿಕೊಂಡಿದ್ದವು. ಅಪ್ಪನ ಹೆಸರು ಸಿಕ್ಕಿತು. ಬಂದೂಕು ಎಂಬುದು ಸಿಕ್ಕಿತು. ‘ಇಕ್ಬಾಲ್’ ಎಂಬಲ್ಲಿ ತಡೆದು ನಿಂತೆ. ಮಾಸ್ತರರ ಮುಖ ನೋಡಿದೆ; ಅವರು ಗೋಡೆ ನೋಡುತ್ತಿದ್ದರು. ಆ ಪದ ಬಿಟ್ಟು ಕೊನೆಯವರೆಗೆ ಓದಿದೆ, ಮತ್ತೆ ಹಿಂದಕ್ಕೆ ಬಂದೆ. ‘ಇಕ್ಬಾಲ್’ ಎಂದರೆ ತಪ್ಪನ್ನು ಒಪ್ಪಿಕೊಳ್ಳುವುದೇ ಇರಬೇಕು ಅನಿಸಿತು.

“ಅವ್ವಾ, ಅಪ್ಪ ಕಾಳಿನ ಹಗೇವಿನ್ಯಾಗ ಬಂದೂಕ ಮುಚ್ಚಿಟ್ಟಾನ ಅಂತ ನೀನ ಒಪ್ಪಿಕೊಂಡಂಗ ಬರದಾರ.”

ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅಷ್ಟರಲ್ಲಿ ಓಣಿಯ ಜನ ಬಾಗಿಲಲ್ಲಿ ಕೂಡಿದ್ದರು. ಅಮೀನರು ನನ್ನ ಕೈಯಿಂದ ಕಾಗದ ಕಸಿದುಕೊಂಡು, ಇದನ್ನು ನೀನೇ ಕಲಿಸಿದ್ದೇನು ಎಂದು ಮಾಸ್ತರರನ್ನು ಕೇಳಿದರು.

“ಹೌದ್ರಿ. ಅದ ನನ್ನ ನೌಕರಿ ಐತಿ,” ಎಂದರು ಮಾಸ್ತರರು.

ವಾರದೊಳಗೆ ಕುಷ್ಟಗಿಯ ಆಚೆಗಿನ ಒಂದು ಸಣ್ಣ ಹಳ್ಳಿಗೆ ಅವರಿಗೆ ವರ್ಗವಾಯಿತು. ಬೆಳಗಾಗುವ ಮೊದಲೇ ಗಾಡಿ ಕಟ್ಟಿಕೊಂಡು ಹೋಗಿದ್ದರು. ಹೋಗುವಾಗ ನಾನು ಅವರನ್ನು ನೋಡಲಿಲ್ಲ.

ನಿಜಾಮರ ಆಡಳಿತ ಮುಗಿದು ಅಪ್ಪ ಮನೆಗೆ ಬಂದ. ಅವ್ವ ನಡೆದದ್ದನ್ನು ಹೇಳಿದ ಮೇಲೆ ಆತನಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ನನ್ನನ್ನೂ ಕರೆದುಕೊಂಡು ಆ ಹಳ್ಳಿಗೆ ಹೋದ. ಮಾಸ್ತರರು ಚಳಿಗಾಲದಲ್ಲಿ ಜ್ವರ ಬಂದು ತೀರಿಕೊಂಡರೆಂದು ಅವರ ಹೆಂಡತಿ ಬಾಗಿಲ ಮರೆಯಿಂದ ಹೇಳಿದರು.

ಅಪ್ಪ ಮಾಸ್ತರರೊಂದಿಗೆ ಎಂದೂ ಕೂತು ಮಾತಾಡಿದವನಲ್ಲ. ಅವರ ಮಣ್ಣಿನ ಗೋರಿಯ ಪಕ್ಕ ರುಮಾಲು ತೆಗೆದು ಕುಳಿತ.

“ಹುಡುಗಿನ್ನ ಕರಕೊಂಡ ಬಂದೀನ್ರಿ,” ಎಂದ.

ತಲೆದೆಸೆಯ ಹಲಗೆಯ ಮೇಲೆ ಉರ್ದುವಿನಲ್ಲಿ ಬರೆದದ್ದನ್ನು ನಾನು ಗಟ್ಟಿಯಾಗಿ ಓದಿದೆ.